ಬಿಲ್ ಆಗುವ ಮೊದಲೇ ಮೇಯುವುದು: ಅಭ್ಯಾಸವಾ, ಕಳ್ಳತನವಾ?

ಪಾವಗಡದ_ಮಗಳು

ಶನಿವಾರ ಸಂಜೆ ಅಪ್ಪನನ್ನು ಕರೆದುಕೊಂಡು ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ಗೆ ಹೋಗಿದ್ದೆ. ಅಪ್ಪನಿಗೆ 74 ವರ್ಷ. ಪಾವಗಡ ಕಡೆ ಹಳ್ಳಿ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಶಾಲೆಯ ಸೀಮೆಸುಣ್ಣದ ತುಂಡು ಮರೆತು ಜೇಬಿನಲ್ಲಿ ಮನೆಗೆ ಬಂದರೂ ಮರುದಿನ ಹುಡುಕಿ ವಾಪಸ್ ತೆಗೆದುಕೊಂಡು ಹೋಗುತ್ತಿದ್ದರು.

ಅಂಥವರು ಕಡಲೆಕಾಯಿ ರಾಶಿಯ ಮುಂದೆ ನಿಂತು, ಒಂದೊಂದೇ ಬಿಡಿಸಿ, ಆರಾಮಾಗಿ ತಿನ್ನುತ್ತಿದ್ದರು. ಸಿಪ್ಪೆ ಅಂಗಿ ಜೇಬಿಗೆ. ನಾನು ಎಣ್ಣೆ ಪ್ಯಾಕೆಟ್ ತರುವಷ್ಟರಲ್ಲಿ ಹತ್ತು ಹನ್ನೆರಡು ಆಗಿತ್ತು. ಅಲ್ಲಿಂದ ದ್ರಾಕ್ಷಿ ಕಡೆಗೆ ಹೊರಟರು. ಅಲ್ಲಿ ಎರಡು. ಆಗ ಸೆಕ್ಯುರಿಟಿ ಹುಡುಗ ಬಂದು "ತಾತ, ಇಲ್ಲಿ ತಿನ್ನೋ ಹಾಗಿಲ್ಲ" ಅಂದ. ಒರಟಾಗೇನೂ ಹೇಳಲಿಲ್ಲ, ಪಾಪ. ಅಪ್ಪ ಅವನನ್ನೇ ನೋಡಿ "ರುಚಿ ನೋಡದೆ ಹೇಗಪ್ಪ ತಗೊಳ್ಳೋದು?" ಅಂದರು, ಮಗ್ಗಿ ತಪ್ಪು ಹೇಳಿದ ಹುಡುಗನನ್ನು ಕೇಳುವ ಹಾಗೆ. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ನಾನು ತಲೆ ತಗ್ಗಿಸಿ ಟ್ರಾಲಿ ತಳ್ಳಿಕೊಂಡು ಹೊರಟೆ. ಕೊನೆಗೆ ಅಪ್ಪ ಕಡಲೆಕಾಯಿ ತಗೊಳ್ಳಲೂ ಇಲ್ಲ. "ಜೊಳ್ಳು ಜಾಸ್ತಿ" ಅಂತೆ.

ಮನೆಗೆ ಬಂದು ಜಗಳ. "ಅದು ಕಳ್ಳತನ ಅಪ್ಪ" ಅಂದುಬಿಟ್ಟೆ. ಅವತ್ತು ಅವರು ರಾತ್ರಿ ಊಟ ಮಾಡಲಿಲ್ಲ. ನಾನು ಜಾಸ್ತಿ ಮಾತಾಡಿದೆನಾ? ನಿಮ್ಮ ಮನೆಗಳಲ್ಲೂ ಹೀಗೆ ನಡೆಯುತ್ತಾ?

ಬಸವನಗುಡಿ_ಬೀದಿ

ಮೊದಲು ಅಪ್ಪನಿಗೆ ಊಟ ಹಾಕಿ, ಆಮೇಲೆ ಚರ್ಚೆ ಮಾಡೋಣ.

ನೋಡಿ, ದುಡ್ಡು ಕೊಡದೆ ಕಡಲೆಕಾಯಿ ತಿಂದು ಅದಕ್ಕೊಂದು ಗುಡಿಯನ್ನೂ ಕಟ್ಟಿಸಿಕೊಂಡವನು ಒಬ್ಬನೇ, ನಮ್ಮ ಬಸವನಗುಡಿಯ ದೊಡ್ಡ ಬಸವಣ್ಣ. ಕಥೆ ಗೊತ್ತಲ್ಲ? ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತಂತೆ. ಓಡಿಸಿಕೊಂಡು ಹೋದರೆ ಗುಡ್ಡದ ಮೇಲೆ ಕಲ್ಲಾಗಿ ಕೂತಿತಂತೆ. ಅಂದಿನಿಂದ ಮೊದಲ ಬೆಳೆ ಅವನಿಗೇ. ಈಗಲೂ ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ. ಆ ಬೀದಿಯಲ್ಲಿ ರುಚಿ ನೋಡದೆ ಒಂದು ಸೇರು ಕಡಲೆಕಾಯಿ ಕೊಂಡವರನ್ನು ತೋರಿಸಿ ನೋಡೋಣ. ಮಾರುವ ಅಮ್ಮನೇ "ತಿಂದ್ ನೋಡಿ ಸ್ವಾಮಿ" ಅಂತ ಕೈಗೆ ಹಾಕುತ್ತಾಳೆ. ನಿಮ್ಮ ಅಪ್ಪ ಬಂದಿರುವುದು ಆ ಲೋಕದಿಂದ.

ಸುಮ್ನೆ_ಓದುವವ

ಬಸವಣ್ಣನ ಮುಂದೆ ಸಿಸಿಟಿವಿ ಇರಲಿಲ್ಲ 😄

ಹಳೇ_ಕ್ಯಾಷಿಯರ್

ನಾನು ಬೆಂಗಳೂರಲ್ಲೇ ಒಂದು ದೊಡ್ಡ ಅಂಗಡಿಯಲ್ಲಿ ನಾಲ್ಕು ವರ್ಷ ಇದ್ದೆ. ಮೊದಲು ಫ್ಲೋರ್‌ನಲ್ಲಿ, ಆಮೇಲೆ ಬಿಲ್ಲಿಂಗ್ ಕೌಂಟರ್. ಹೆಸರು ಬೇಡ.

ಮೇಡಂ, ನಿಮ್ಮ ಅಪ್ಪ ತಿಂದದ್ದು ನಮಗೆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅವರು ಎದುರಿಗೆ ನಿಂತು ತಿನ್ನುತ್ತಾರೆ, ಕೇಳಿದರೆ ಉತ್ತರ ಕೊಡುತ್ತಾರೆ. ನಮಗೆ ತಲೆನೋವು ಬೇರೆಯವರದು. ಬೆಳಿಗ್ಗೆ ರ‍್ಯಾಕ್ ಜೋಡಿಸುವಾಗ ಗೋಧಿಹಿಟ್ಟಿನ ಮೂಟೆ ಸರಿಸಿದರೆ ಹಿಂದೆ ಚಾಕಲೇಟ್ ಕವರ್. ಫ್ರಿಜ್‌ನಲ್ಲಿ ಅರ್ಧ ಕುಡಿದು ಮುಚ್ಚಳ ಹಾಕಿಟ್ಟ ಲಸ್ಸಿ. ಡಯಾಪರ್ ಪ್ಯಾಕಿನ ಸಂದಿಯಲ್ಲಿ ಖರ್ಜೂರದ ಬೀಜ. ಒಂದು ಸಲ ಸಿಹಿ ಕವರ್ ಒಂದನ್ನು ಯಾರೋ ಚಾಕಲೇಟ್ ಸಾಲಿನ ಹಿಂದೆ ತುರುಕಿದ್ದರು. ಭಾನುವಾರ ಸಂಜೆ ಆಗಿದ್ದು ಸೋಮವಾರ ಬೆಳಿಗ್ಗೆಗೆ ಇಡೀ ಸಾಲಿಗೆ ಇರುವೆ. ತಿಂದವನು ತಿಂದದ್ದು ಹತ್ತು ರೂಪಾಯಿದು. ಡ್ಯಾಮೇಜ್ ಅಂತ ಎತ್ತಿಟ್ಟದ್ದು ಎರಡು ಟ್ರೇ.

ತಿಂಗಳ ಕೊನೆಗೆ ಸ್ಟಾಕ್ ಎಣಿಸುತ್ತಾರೆ. ಕಂಪ್ಯೂಟರ್‌ನಲ್ಲಿ ಇರುವುದಕ್ಕೂ ರ‍್ಯಾಕ್‌ನಲ್ಲಿ ಇರುವುದಕ್ಕೂ ಬರುವ ವ್ಯತ್ಯಾಸಕ್ಕೆ 'ಶ್ರಿಂಕೇಜ್' ಅಂತಾರೆ. ಗಿರಾಕಿ ತಿಂದದ್ದು, ಕದ್ದದ್ದು, ನಮ್ಮವರೇ ಎತ್ತಿದ್ದು, ಬಿಲ್ಲಿನ ತಪ್ಪು, ಕೊಳೆತದ್ದು, ಎಲ್ಲಾ ಅದೇ ಒಂದು ಅಂಕಿಯಲ್ಲಿ ಮುಳುಗಿ ಹೋಗುತ್ತದೆ. ಯಾರದ್ದು ಎಷ್ಟು ಅಂತ ಬಿಡಿಸುವುದಕ್ಕೇ ಆಗಲ್ಲ. ಹಾಗಾಗಿ ಮೊದಲ ಅನುಮಾನ ಯಾವಾಗಲೂ ಕೆಲಸದ ಹುಡುಗರ ಮೇಲೆ. ಗೋಡಂಬಿ ಡಬ್ಬಿಯಲ್ಲಿ ಅರ್ಧ ಕೆಜಿ ಕಡಿಮೆ ಬಂದರೆ ಆ ಸೆಕ್ಷನ್ ಹುಡುಗಿಯನ್ನು ಕರೆದು ಬೈಯುವುದು, ಬ್ಯಾಗ್ ತೆಗೆಸಿ ನೋಡುವುದು. ಒಂದೊಂದೇ ಗೋಡಂಬಿ ಬಾಯಿಗೆ ಹಾಕಿಕೊಂಡು ಮುಂದೆ ಹೋದವರಿಗೆ ಇದು ಕಾಣಿಸಲ್ಲ.

ಎರಡು_ಮಕ್ಕಳ_ಅಮ್ಮ

ನಾನು ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಚಿಕ್ಕವನಿಗೆ ಎರಡು ವರ್ಷ. ಟ್ರಾಲಿಯಲ್ಲಿ ಕೂರಿಸಿದ ಐದನೇ ನಿಮಿಷಕ್ಕೆ ರಾಗ ಶುರು. ಬಿಸ್ಕತ್ ಪ್ಯಾಕ್ ಒಡೆದು ಒಂದು ಕೈಗೆ ಕೊಡುತ್ತೇನೆ. ಬಿಲ್ಲಿಂಗ್‌ನಲ್ಲಿ ಒಡೆದ ಪ್ಯಾಕ್ ಮೊದಲು ಇಡುತ್ತೇನೆ. ಇದುವರೆಗೆ ಒಂದು ಸಲವೂ ತಪ್ಪಿಸಿಲ್ಲ. ಇದರಲ್ಲಿ ಏನು ತಪ್ಪು?

ಶಿಸ್ತಿನ_ಸಿಪಾಯಿ

@ಎರಡು_ಮಕ್ಕಳ_ಅಮ್ಮ ತಪ್ಪೇ. ನಿಮ್ಮದಾಗದ ವಸ್ತುವನ್ನು ಒಡೆಯುವುದು ಹೇಗೆ ಸರಿ? ಮಗುವಿಗೆ ಏನು ಕಲಿಸುತ್ತಿದ್ದೀರಿ? ಮನೆಯಿಂದ ಡಬ್ಬಿಯಲ್ಲಿ ತರಬಹುದಲ್ಲ. ನಮ್ಮ ಕಾಲದಲ್ಲಿ ಅಂಗಡಿಯಲ್ಲಿ ಕೈ ಚಾಚಿದರೆ ಮನೆಗೆ ಬಂದ ಮೇಲೆ ಬೆನ್ನು ಬಿಸಿಯಾಗುತ್ತಿತ್ತು.

ಎರಡು_ಮಕ್ಕಳ_ಅಮ್ಮ

ನಿಮ್ಮ ಕಾಲದಲ್ಲಿ ಅಂಗಡಿಗೆ ಮಕ್ಕಳನ್ನು ಕಟ್ಟಿಕೊಂಡು ಹೋಗುತ್ತಿದ್ದವರು ಯಾರು ಸರ್, ನೀವಾ?

ಸುಮ್ನೆ_ಓದುವವ

🍿 (ಇದಕ್ಕೆ ದುಡ್ಡು ಕೊಟ್ಟಿದ್ದೀನಿ)

ಹಳೇ_ಕ್ಯಾಷಿಯರ್

ಕೌಂಟರ್ ಕಡೆಯಿಂದ ಹೇಳುತ್ತೇನೆ. ಬಾರ್‌ಕೋಡ್ ಇರುವ ಪ್ಯಾಕ್ ಆದರೆ ಖಾಲಿ ಕವರ್ ತಂದರೂ ನಮಗೆ ತೊಂದರೆ ಇಲ್ಲ, ಸ್ಕ್ಯಾನ್ ಆಗುತ್ತದೆ. ತೂಕದ ವಸ್ತುವಿನದೇ ಕಷ್ಟ. ದ್ರಾಕ್ಷಿ, ಕಡಲೆಕಾಯಿ, ಖರ್ಜೂರ, ಬಿಡಿ ಸಿಹಿ. ಹೊಟ್ಟೆಯಲ್ಲಿ ಇರುವುದನ್ನು ತೂಕದ ಮೆಷಿನ್ ಮೇಲೆ ಇಡಕ್ಕಾಗಲ್ಲವಲ್ಲ. ಆ ಅಮ್ಮ ಮಾಡುವುದಕ್ಕೂ ದ್ರಾಕ್ಷಿ ಮೇಯುವುದಕ್ಕೂ ಇರುವ ವ್ಯತ್ಯಾಸ ಅದೊಂದೇ. ಇನ್ನು ಬಾಳೆಹಣ್ಣು ತಿಂದು ಸಿಪ್ಪೆ ತಂದು "ಒಂದು ಹಾಕ್ಕೊಳ್ಳಿ" ಅಂತ ಹೇಳುವ ಪ್ರಾಮಾಣಿಕರೂ ಇದ್ದಾರೆ. ಅವರಿಂದ ಇನ್ನೂ ಫಜೀತಿ. ಕೆಜಿ ಲೆಕ್ಕದ ಹಣ್ಣಿಗೆ ಒಂದರ ಬೆಲೆ ಎಲ್ಲಿಂದ ತರೋದು! ಇನ್ನೊಂದು ಬಾಳೆಹಣ್ಣು ತೂಗಿ ಬಿಲ್ ಮಾಡಿದ್ದೂ ಇದೆ.

ಯುಪಿಐ_ಸಂಕಟ

ಪ್ಯಾಕ್ ಒಡೆದು ತಿಂದು ಆಮೇಲೆ ಕೊಡುವವರ ಪಕ್ಷ ನಾನೂ ಆಗಿದ್ದೆ, ಕಳೆದ ವರ್ಷದವರೆಗೆ. ಆಫೀಸ್ ಮುಗಿಸಿ ಹಸಿವಾಗಿ ಒಂದು ದೊಡ್ಡ ಚಿಪ್ಸ್, ಒಂದು ಮಜ್ಜಿಗೆ ಮುಗಿಸಿ ಕೌಂಟರ್‌ಗೆ ಬಂದೆ. ಫೋನ್ ತೆಗೆದರೆ ಪೇಮೆಂಟ್ ಹೋಗುತ್ತಿಲ್ಲ. ಬ್ಯಾಂಕ್ ಸರ್ವರ್ ಮಲಗಿದೆ. ಪರ್ಸ್ ಮನೆಯಲ್ಲಿ. ಬೇರೆ ಸಾಮಾನೆಲ್ಲ ವಾಪಸ್ ಇಡಬಹುದು, ಮಜ್ಜಿಗೆ ಎಲ್ಲಿಂದ ವಾಪಸ್ ಕೊಡಲಿ? ನಲವತ್ತು ನಿಮಿಷ ಅಲ್ಲೇ ಪಕ್ಕದಲ್ಲಿ ನಿಂತೆ. ಹೋಗುವವರು ಬರುವವರೆಲ್ಲ ನೋಡುತ್ತಿದ್ದರು. ಕೊನೆಗೆ ಹಿಂದೆ ನಿಂತಿದ್ದ ಆಂಟಿ ಒಬ್ಬರು ಕೊಟ್ಟರು. ಅವರಿಗೆ ರಾತ್ರಿ ಹತ್ತಕ್ಕೆ ದುಡ್ಡು ಕಳಿಸಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಅಜ್ಜಿ ಹೇಳುತ್ತಿದ್ದರು. ನನ್ನದು ಮಜ್ಜಿಗೆಗೆ ಹೋಯಿತು.

ಕಪ್ಪು_ಕೋಟು

ಕಾನೂನು ಏನು ಹೇಳುತ್ತದೆ ಅಂತ ಇಷ್ಟು ಹೊತ್ತಾದರೂ ಯಾರೂ ಕೇಳಿಲ್ಲ, ಆಶ್ಚರ್ಯ. ನಾನೇ ಹೇಳಿಬಿಡುತ್ತೇನೆ, ಫೀಸ್ ಇಲ್ಲ.

ರ‍್ಯಾಕ್‌ನಲ್ಲಿ ಇಟ್ಟದ್ದು ಮಾರಾಟವಾಗುವುದು ಯಾವಾಗ? ನೀವು ಟ್ರಾಲಿಗೆ ಹಾಕಿದಾಗಲಾ, ಕೌಂಟರ್‌ನಲ್ಲಾ? ಲಾ ಕಾಲೇಜಿನ ಮೊದಲ ವರ್ಷದಲ್ಲೇ ಒಂದು ಇಂಗ್ಲಿಷ್ ಕೇಸ್ ಓದಿಸುತ್ತಾರೆ, 1953ರದು, ಬೂಟ್ಸ್ ಎಂಬ ಔಷಧಿ ಅಂಗಡಿಯದು. ಗಿರಾಕಿ ಬುಟ್ಟಿಗೆ ಹಾಕಿಕೊಂಡರೆ ಮಾರಾಟ ಆಗಲಿಲ್ಲ, ಕ್ಯಾಷಿಯರ್ ಒಪ್ಪಿಕೊಂಡಾಗಲೇ ಆಗುವುದು ಅಂತ ತೀರ್ಪು. ನಮ್ಮಲ್ಲೂ ಪಾಠ ಮಾಡುವುದು ಅದನ್ನೇ. ಅಂದರೆ ನೀವು ಅಂಗಡಿಯ ಮಧ್ಯೆ ನಿಂತು ತಿನ್ನುವ ಬಿಸ್ಕತ್ ಇನ್ನೂ ಅಂಗಡಿಯವನದ್ದೇ.

ಹಾಗಾದರೆ ಕಳ್ಳತನವಾ? ಅಷ್ಟು ಸುಲಭವಿಲ್ಲ. ಮೊದಲು ಐಪಿಸಿ 378, ಈಗ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303. ಎರಡರಲ್ಲೂ ಅಪ್ರಾಮಾಣಿಕ ಉದ್ದೇಶ ಇರಬೇಕು, ಒಡೆಯನ ಒಪ್ಪಿಗೆ ಇಲ್ಲದಿರಬೇಕು. ಆ ಒಪ್ಪಿಗೆಯನ್ನು ಬಾಯಿಬಿಟ್ಟೇ ಹೇಳಿರಬೇಕು ಅಂತೇನಿಲ್ಲ. ಕಾಯಿದೆಯಲ್ಲೇ ಒಂದು ಚೆಂದದ ಉದಾಹರಣೆ ಇದೆ. ಗೆಳೆಯನ ಮನೆಗೆ ಹೋದಾಗ ಅವನಿಲ್ಲ. ಓದಿ ವಾಪಸ್ ಕೊಡೋಣ ಅಂತ ಅವನ ಪುಸ್ತಕ ತಂದಿರಿ. ಗೆಳೆಯ ಬೇಡ ಅನ್ನುವುದಿಲ್ಲ ಅಂತ ನೀವು ನಂಬಿದ್ದರೆ ಅದು ಕಳ್ಳತನವಲ್ಲ. ಬಿಸ್ಕತ್ ಒಡೆದು ಕವರ್ ಬಿಲ್ ಮಾಡಿಸುವ ಅಮ್ಮನೂ ಇದರ ಹತ್ತಿರಕ್ಕೇ ಬರುತ್ತಾರೆ. ಕವರ್ ಹಿಟ್ಟಿನ ಮೂಟೆ ಹಿಂದೆ ತುರುಕಿದವನ ಉದ್ದೇಶ ಏನು ಅಂತ ಕವರ್ರೇ ಹೇಳುತ್ತದೆ.

ಇನ್ನು ನಿಮ್ಮ ಅಪ್ಪ. ಯಾವ ಸಾಧಾರಣ ಮನುಷ್ಯನೂ ದೂರು ಕೊಡದಷ್ಟು ಚಿಕ್ಕ ಹಾನಿಯಾದರೆ ಅದು ಅಪರಾಧವೇ ಅಲ್ಲ ಅಂತ ಸಂಹಿತೆಯ 33ನೇ ಕಲಮು ಹೇಳುತ್ತದೆ. ಹತ್ತು ಕಡಲೆಕಾಯಿ ಅದರೊಳಗೆ ಹಿಡಿಸುತ್ತದೆ ಅಂತ ನನ್ನ ಅಭಿಪ್ರಾಯ. 5000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲ, ವಸ್ತುವನ್ನೋ ಬೆಲೆಯನ್ನೋ ವಾಪಸ್ ಕೊಟ್ಟರೆ, ಈಗ ಜೈಲಿನ ಬದಲು ಸಮುದಾಯ ಸೇವೆ. ಮೇಷ್ಟರು ಅದನ್ನು ಮೊದಲೇ ಮಾಡಿ ಮುಗಿಸಿದ್ದಾರೆ ಅಂತ ಕಾಣುತ್ತೆ.

ಒಂದು ಮಾತು ಸೆಕ್ಯುರಿಟಿಯವರ ಬಗ್ಗೆ. ತಡೆದು ಕೇಳಬಹುದು, ಪೊಲೀಸರನ್ನು ಕರೆಯಬಹುದು. ಕೋಣೆಯಲ್ಲಿ ಕೂಡಿ ಹಾಕಿ "ಹತ್ತು ಪಟ್ಟು ದಂಡ ಕಟ್ಟು" ಅನ್ನುವುದಕ್ಕೆ, ಕೈ ಮಾಡುವುದಕ್ಕೆ ಅವರಿಗೆ ಯಾವ ಅಧಿಕಾರವೂ ಇಲ್ಲ. ಹಾಗೆಯೇ ಸ್ಟಾಕ್ ಕಡಿಮೆ ಬಂತು ಅಂತ ಸುಮ್ಮನೆ ಹುಡುಗಿಯ ಸಂಬಳ ಮುರಿಯುವ ಹಾಗಿಲ್ಲ. ಅವಳ ಅಲಕ್ಷ್ಯದಿಂದಲೇ ನಷ್ಟ ಆಗಿರಬೇಕು, ಅವಳ ಮಾತು ಕೇಳಿರಬೇಕು.

ಹಳೇ_ಕ್ಯಾಷಿಯರ್

ಸರ್, ಕೇಳಿರಬೇಕು ಅಂತ ಪುಸ್ತಕದಲ್ಲಿ ಇದೆ. 🙂

ದ್ರಾಕ್ಷಿ_ತಿಕೋಟಾ

ನಮಸ್ಕಾರ ರೀ. ನಾವು ವಿಜಯಪುರ ಕಡೆ ದ್ರಾಕ್ಷಿ ಬೆಳೆಯುವವರು. ಎಲ್ಲರೂ ಅಂಗಡಿಯವನ ಬಗ್ಗೆ, ಗಿರಾಕಿ ಬಗ್ಗೆ ಮಾತಾಡಿದಿರಿ. ಹಣ್ಣಿನ ಬಗ್ಗೆ ನಾನು ಹೇಳುತ್ತೇನೆ.

ರುಚಿ ನೋಡದೆ ದ್ರಾಕ್ಷಿ ಯಾರೂ ಕೊಳ್ಳುವುದಿಲ್ಲ, ಅದು ಖರೆ. ನಮ್ಮ ತೋಟಕ್ಕೆ ಬರುವ ವ್ಯಾಪಾರಿ ಸಹ ಮೊದಲು ಬಾಯಿಗೆ ಹಾಕಿಕೊಳ್ಳುತ್ತಾನೆ, ಆಮೇಲೆ ಸಕ್ಕರೆ ಅಂಶ ನೋಡುವ ಚಿಕ್ಕ ಮೀಟರ್ ತೆಗೆದು ಒಂದು ಹನಿ ರಸ ಹಾಕಿ ನೋಡುತ್ತಾನೆ. ಆದರೆ ಅವನಿಗೆ ಕಿತ್ತು ಕೊಡುವವನು ನಾನು. ಎಲ್ಲಿಂದ ಕೀಳಬೇಕು ಅಂತ ನನಗೆ ಗೊತ್ತಿರುತ್ತದೆ. ಗೊಂಚಲಿನ ಮೇಲಿನ ಹೆಗಲ ಕಡೆ ಹಣ್ಣು ಮೊದಲು ಸಿಹಿಯಾಗುತ್ತದೆ, ಕೆಳಗಿನ ತುದಿ ಕೊನೆಗೆ. ತುದಿಯ ಹಣ್ಣು ಸಿಹಿ ಇದ್ದರೆ ಗೊಂಚಲೆಲ್ಲ ಸಿಹಿ. ಪೇಟೆಯಲ್ಲಿ ಜನ ನೋಡಿ, ಗೊಂಚಲು ಎತ್ತಿ, ನಡುವಿನಿಂದಲೇ ದಪ್ಪನೆಯದು ಎಳೆಯುತ್ತಾರೆ. ತೊಟ್ಟಿನಲ್ಲಿ ತಿರುಳು ಉಳಿದು ರಸ ಸೋರುತ್ತದೆ. ಅಲ್ಲಿಂದ ಬೂಸ್ಟು ಶುರು. ಹತ್ತು ಜನ ಹತ್ತು ಗೊಂಚಲು ಹೀಗೆ ಮಾಡಿದರೆ ಸಂಜೆಗೆ ಆ ಟ್ರೇ "ಸೆಕೆಂಡ್ಸ್". ನೀವು ತಿಂದದ್ದು ಒಂದು ಹಣ್ಣು, ಕೆಟ್ಟದ್ದು ಅರ್ಧ ಕೆಜಿ. ನಾವು ಅದೇ ಗೊಂಚಲಿಗಾಗಿ ಕತ್ತರಿ ಹಿಡಿದು ಕಾಯಿ ಬಿಡಿಬಿಡಿ ಮಾಡಿ, ಬಳ್ಳಿ ಸವರಿ ಛಾಟಣಿ ಮಾಡಿ, ಮಳೆ ಬಂದರೆ ರಾತ್ರಿಯೆಲ್ಲ ಎದ್ದು ಕೂತು ಕಾಯ್ದಿರುತ್ತೇವೆ ರೀ.

ಇನ್ನೊಂದು. ತೊಳೆಯದ ದ್ರಾಕ್ಷಿ ತಿನ್ನಬೇಡಿ. ಮೇಲಿನ ಬಿಳಿ ಪುಡಿ ನೋಡಿ ಎಲ್ಲರೂ ಔಷಧಿ ಅಂತ ಹೆದರುತ್ತಾರೆ. ಅದು ಹಣ್ಣೇ ಮಾಡಿಕೊಂಡ ಮೇಣ, ಏನೂ ಆಗಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣದ್ದಕ್ಕೆ. ಬೂಜು ರೋಗಕ್ಕೆ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣದಿಂದ ಹಿಡಿದು ಏನೇನೋ ಹೊಡೆಯಬೇಕಾಗುತ್ತದೆ. ಕಟಾವಿಗೆ ಇಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಲೆಕ್ಕ ಇದೆ. ಎಲ್ಲರೂ ಪಾಲಿಸುತ್ತಾರೆ ಅಂತ ನಾನು ಆಣೆ ಮಾಡಲಾರೆ. ನಮ್ಮ ಮನೆಯ ಮಕ್ಕಳಿಗೆ ನಮ್ಮ ತೋಟದ ಹಣ್ಣನ್ನೂ ತೊಳೆದೇ ಕೊಡುತ್ತೇವೆ.

ಬಸವನಗುಡಿ_ಬೀದಿ

@ದ್ರಾಕ್ಷಿ_ತಿಕೋಟಾ ಅಣ್ಣಾ, ತುದಿ ಹಣ್ಣಿನ ವಿಷಯ ಗೊತ್ತೇ ಇರಲಿಲ್ಲ. ಐವತ್ತು ವರ್ಷ ತಪ್ಪು ಜಾಗದಿಂದ ಕಿತ್ತಿದ್ದೀನಿ.

ದ್ರಾಕ್ಷಿ ಅಂದಾಗ ನೆನಪಾಯಿತು. ನಮ್ಮ ಹಾಪ್‌ಕಾಮ್ಸ್, ಅದೇ ಹಣ್ಣು ತರಕಾರಿಯ ಸಹಕಾರಿ ಮಳಿಗೆ, ಶುರುವಾದದ್ದೇ ದ್ರಾಕ್ಷಿ ಬೆಳೆಗಾರರ ಸಂಘವಾಗಿ, 1959ರಲ್ಲಿ. ತೋಟಗಾರಿಕೆ ಇಲಾಖೆಯ ಮರಿಗೌಡರು ನಿಂತು ಕಟ್ಟಿದ್ದು. ನಮ್ಮ ಬೀದಿಯ ಮಳಿಗೆಯಲ್ಲಿ ಒಬ್ಬರಿದ್ದರು. ನಾವು ಕೈ ಹಾಕುವ ಮೊದಲೇ ಅವರೇ ಒಂದು ಬೆಂಗಳೂರು ನೀಲಿ ದ್ರಾಕ್ಷಿ ಕಿತ್ತು ಕೊಡುತ್ತಿದ್ದರು. ಹುಳಿಯಾದರೆ "ಇವತ್ತು ಬೇಡ ಬಿಡಿ, ಗುರುವಾರ ಬನ್ನಿ" ಅಂತ ಅವರೇ ಹೇಳುವುದು. ರುಚಿ ನೋಡುವುದು ಅಂದರೆ ಇಬ್ಬರು ಮಾತಾಡಿಕೊಳ್ಳುವುದಾಗಿತ್ತು.

ಎಂಜಲು_ಮುಸುರೆ

ಎಲ್ಲರೂ ದುಡ್ಡಿನ ಲೆಕ್ಕ ಹಾಕುತ್ತಿದ್ದೀರಿ. ನನಗೆ ಮೈ ಜುಂ ಅನ್ನುವುದು ಬೇರೆ ಕಾರಣಕ್ಕೆ. ಎಂಜಲು! ಒಬ್ಬ ಮಹಾಶಯ ಒಣದ್ರಾಕ್ಷಿ ಡಬ್ಬಿಗೆ ಕೈ ಹಾಕಿದ, ಬಾಯಿಗೆ ಹಾಕಿದ, ಬೆರಳು ನೆಕ್ಕಿದ, ಅದೇ ಕೈ ಮತ್ತೆ ಡಬ್ಬಿಗೆ. ಪಕ್ಕದಲ್ಲೇ ಚಮಚ ನೇತುಹಾಕಿದ್ದಾರೆ. ನಮ್ಮ ಅತ್ತೆ ಮನೆಯಲ್ಲಿ ಪಾತ್ರೆಗೆ ತುಟಿ ತಾಗಿಸಿ ನೀರು ಕುಡಿದರೆ ಇಡೀ ಬಿಂದಿಗೆ ಚೆಲ್ಲುತ್ತಾರೆ. ಅವರೂ ಅಂಗಡಿಯಲ್ಲಿ ಹುರಿಗಡಲೆ ಬಾಯಿಗೆ ಎಸೆದುಕೊಳ್ಳುತ್ತಾರೆ. ಕೇಳಿದರೆ "ಎತ್ತಿ ಹಾಕ್ಕೊಂಡಿದ್ದು ಕಣೆ, ಎಂಜಲಾಗಲ್ಲ" ಅಂತಾರೆ. ಈ ವಾದಕ್ಕೆ ಕಪ್ಪು ಕೋಟಿನವರ ಹತ್ತಿರವೂ ಉತ್ತರ ಇರಲಿಕ್ಕಿಲ್ಲ.

ಕಪ್ಪು_ಕೋಟು

ಮೇಲ್ಮನವಿಗೆ ಹೋಗಬೇಕಾಗುತ್ತೆ.

ಕಿರಾಣಿ_ಕುಂದಾಪ್ರ

ನಮ್ಮದು ಅಪ್ಪನ ಕಾಲದ ದಿನಸಿ ಅಂಗಡಿ ಮಾರಾಯ್ರೇ. ಈಗಲೂ ಮರದ ಕೌಂಟರ್, ನಾನು ಈಚೆ, ಗಿರಾಕಿ ಆಚೆ. ನಮ್ಮಲ್ಲಿ ಈ ಸಮಸ್ಯೆಯೇ ಇಲ್ಲ, ಯಾಕೆಂದರೆ ಡಬ್ಬಿ ನನ್ನ ಕೈಲಿ. ಬೆಲ್ಲ ಹೇಗಿದೆ ಅಂತ ಕೇಳಿದರೆ ಅಚ್ಚಿನ ಮೂಲೆ ಒಂಚೂರು ಮುರಿದು ಕಾಗದದ ಮೇಲಿಟ್ಟು ಕೊಡುತ್ತೇನೆ. ಮಗು ಜೊತೆಗೆ ಬಂದರೆ ಅದರ ಕೈಗೆ ಒಂದು ಪೆಪ್ಪರಮೆಂಟು. ತೂಕ ಆದ ಮೇಲೆ ಮೇಲೊಂದು ಹಿಡಿ ಕೊಸರು. ಇದೆಲ್ಲ ನನ್ನ ಲೆಕ್ಕದೊಳಗೇ ಇದೆ, ನಾನೇನು ಧರ್ಮಛತ್ರ ಇಟ್ಟಿಲ್ಲ. ಕೊಸರು ಸಿಕ್ಕ ಅಮ್ಮ ಮುಂದಿನ ತಿಂಗಳೂ ಇಲ್ಲಿಗೇ ಬರುತ್ತಾಳೆ.

ಸೂಪರ್‌ಮಾರ್ಕೆಟಿನವರು ಏನು ಮಾಡಿದರು? ಕೌಂಟರ್ ತೆಗೆದರು. ಡಬ್ಬಿ ಬೀದಿಗಿಟ್ಟ ಹಾಗೆ ಇಟ್ಟರು. ಸಾಮಾನು ತೆಗೆದುಕೊಡುವ ಹುಡುಗನ ಸಂಬಳ ಉಳಿಸಿದರು. ಆಮೇಲೆ ಕೊಸರನ್ನೂ ತೆಗೆದರು. ಈಗ ಗಿರಾಕಿಯೇ ಕೊಸರು ತೆಗೆದುಕೊಳ್ಳುತ್ತಿದ್ದಾನೆ ಅಂತ ಅಳುವುದು ಯಾಕೆ? ಇದು ಸರಿ ಅಂತ ನಾನು ಹೇಳುತ್ತಿಲ್ಲ. ನನ್ನ ಅಂಗಡಿಯಲ್ಲಿ ಹಾಗೆ ಮಾಡಿದರೆ ಕೈಗೆ ಬಾರಿಸುತ್ತೇನೆ. ಆದರೆ ಅಷ್ಟು ನಷ್ಟ ಅವರ ಲೆಕ್ಕದಲ್ಲಿ ಮೊದಲೇ ಇದೆ, ಬೆಲೆಯಲ್ಲೂ ಸೇರಿದೆ.

ಮೆಂಫಿಸ್_ಮಂಜು

ಕಿರಾಣಿ ಅಣ್ಣ ಹೇಳಿದ್ದು ಇತಿಹಾಸವೂ ಹೌದು. ಗಿರಾಕಿ ತಾನೇ ಎತ್ತಿಕೊಳ್ಳುವ ದಿನಸಿ ಅಂಗಡಿ ಶುರುವಾದದ್ದು ನಾನಿರುವ ಈ ಊರಿನಲ್ಲೇ, ಅಮೆರಿಕದ ಮೆಂಫಿಸ್‌ನಲ್ಲಿ. 1916, ಅಂಗಡಿಯ ಹೆಸರು ಪಿಗ್ಲಿ ವಿಗ್ಲಿ, ಯಜಮಾನ ಕ್ಲಾರೆನ್ಸ್ ಸಾಂಡರ್ಸ್. ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಂಡ. ಒಳಗೆ ಹೋಗುವ ದಾರಿ ಒಂದು, ಹೊರಗೆ ಬರುವ ದಾರಿ ಒಂದು, ನಡುವೆ ಎಲ್ಲಾ ಸಾಲುಗಳನ್ನೂ ಸುತ್ತಲೇಬೇಕು, ಕೊನೆಗೆ ಕ್ಯಾಷಿಯರ್. ಸುತ್ತುವಾಗ ಹಸಿವಾಗಲಿ ಅಂತಲೇ ಮಾಡಿದ ಹಾಗಿದೆ ಅಲ್ವಾ?

ಮೆಲ್ಬರ್ನ್_ಮಲೆನಾಡಿಗ

ಇಲ್ಲಿನವರು ಇದಕ್ಕೆ 'ಗ್ರೇಜಿಂಗ್' ಅನ್ನುತ್ತಾರೆ. ನಮ್ಮ 'ಮೇಯುವುದು' ಅಂತಲೇ ಅರ್ಥ. ಹಸುಗಳು ಎಲ್ಲಾ ದೇಶದಲ್ಲೂ ಒಂದೇ.

ಇಲ್ಲಿ ವುಲ್‌ವರ್ತ್ಸ್ ಎಂಬ ಸೂಪರ್‌ಮಾರ್ಕೆಟ್ 2015ರಿಂದ ಒಂದು ಉಪಾಯ ಮಾಡಿದೆ. ಹಣ್ಣಿನ ವಿಭಾಗದಲ್ಲಿ ಒಂದು ಬುಟ್ಟಿ, ಮಕ್ಕಳಿಗೆ ಪುಕ್ಕಟೆ ಹಣ್ಣು. ಬಾಳೆ, ಸೇಬು, ಕಿತ್ತಳೆ. ಮಗು ಒಂದು ಎತ್ತಿಕೊಂಡು ತಿನ್ನುತ್ತಾ ಕೂರುತ್ತದೆ, ಅಮ್ಮ ಆರಾಮಾಗಿ ಸಾಮಾನು ತೆಗೆದುಕೊಳ್ಳುತ್ತಾಳೆ. ಮರುವರ್ಷ ಬ್ರಿಟನ್ನಿನಲ್ಲಿ ಟೆಸ್ಕೊ ಕೂಡ ಇದನ್ನೇ ಶುರು ಮಾಡಿತು. ನನ್ನ ಮಗಳು ಇದರಲ್ಲೇ ಬೆಳೆದಳು. ಊರಿಗೆ ಬಂದಾಗ ಬೆಂಗಳೂರಿನ ಅಂಗಡಿಯಲ್ಲಿ ಸೇಬು ಎತ್ತಿ ಕಚ್ಚಿಬಿಟ್ಟಳು. ನಾನು "ಫ್ರೀ ಅಲ್ಲ ಪುಟ್ಟಾ" ಅನ್ನುವಷ್ಟರಲ್ಲಿ ಅರ್ಧ ಹೋಗಿತ್ತು. ಕಚ್ಚಿದ ಸೇಬನ್ನೇ ತೂಗಿಸಿ ದುಡ್ಡು ಕೊಟ್ಟೆ. ಬಿಲ್ ಮಾಡಿದ ಹುಡುಗ ನಗುತ್ತಾ "ಹೊಟ್ಟೇಲಿರೋದು ಕೊಸರು ಬಿಡಿ ಸರ್" ಅಂದ.

ಬುಟ್ಟಿಯ ಮೇಲೆ 'ಮಕ್ಕಳಿಗೆ ಮಾತ್ರ' ಅಂತ ಬರೆದಿದ್ದರೂ ದೊಡ್ಡವರು ಎತ್ತುವುದನ್ನು ನೋಡಿದ್ದೇನೆ. ಟೈ ಕಟ್ಟಿಕೊಂಡವರು.

ಶಿಸ್ತಿನ_ಸಿಪಾಯಿ

ಅಂದರೆ ಎಲ್ಲರೂ ಸೇರಿ ತಿನ್ನುವುದೇ ಸರಿ ಅಂತ ತೀರ್ಮಾನ ಮಾಡುತ್ತಿದ್ದೀರಾ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿದೆ. ಇನ್ನೊಬ್ಬರ ವಸ್ತು, ಕೇಳದೆ ಮುಟ್ಟಬಾರದು. ಮುಗಿಯಿತು. ಯಾವ ಪರಿಸ್ಥಿತಿಯಲ್ಲೂ.

ಸಕ್ಕರೆ_ಸಂಸಾರ

@ಶಿಸ್ತಿನ_ಸಿಪಾಯಿ ಯಾವ ಪರಿಸ್ಥಿತಿಯಲ್ಲೂ ಅನ್ನಬೇಡಿ ಸರ್. ನಾನು ಹದಿನೈದು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೇನೆ. ಒಂದು ಸಲ ಅಂಗಡಿಯಲ್ಲೇ ಸಕ್ಕರೆ ಇಳಿಯಿತು. ಕೈ ನಡುಕ, ಬೆವರು, ಕಣ್ಣು ಮಂಜು. ಆಗ ಕ್ಯೂನಲ್ಲಿ ನಿಂತು ಬಿಲ್ ಮಾಡಿಸುವುದು ಆಗದ ಮಾತು. ಸುಮಾರು 15 ಗ್ರಾಂ ಸಕ್ಕರೆ ತಕ್ಷಣ ಹೊಟ್ಟೆಗೆ ಹೋಗಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಹತ್ತಿರದಲ್ಲಿ ಸಿಕ್ಕ ಜ್ಯೂಸ್ ಡಬ್ಬಿ ಒಡೆದು ಕುಡಿದೆ. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡ. ಅಲ್ಲೇ ನೆಲದ ಮೇಲೆ ಕೂತೆ. ಒಬ್ಬ ಹುಡುಗ ಬಂದು ಬೈಯಲು ಬಾಯಿ ತೆರೆದವನು ನನ್ನ ಮುಖ ನೋಡಿ ಸ್ಟೂಲ್ ತಂದ. ಈಗ ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇಲ್ಲದೆ ಮನೆ ಬಿಡುವುದಿಲ್ಲ. ಆದರೂ ಖಾಲಿ ಜ್ಯೂಸ್ ಡಬ್ಬಿ ಹಿಡಿದವರನ್ನು ನೋಡಿದರೆ ನಾನು ಮೊದಲೇ ಕಳ್ಳರು ಅಂದುಕೊಳ್ಳುವುದಿಲ್ಲ.

ಶಿಸ್ತಿನ_ಸಿಪಾಯಿ

ಇದು ಬೇರೆ ವಿಷಯ. ಒಪ್ಪಿಕೊಂಡೆ. ಹುಷಾರಾಗಿರಿ ತಾಯಿ.

ಸುಮ್ನೆ_ಓದುವವ

ಸಿಪಾಯಿ ಒಪ್ಪಿಕೊಂಡರು! ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ.

ಪಾವಗಡದ_ಮಗಳು

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಬಸವಣ್ಣನ ಕಥೆಗೆ ನಕ್ಕರು. ತಿಕೋಟಾ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. "ನಡುವಿನಿಂದ ಕಿತ್ತಿದ್ದು ತಪ್ಪೇ" ಅಂದರು. ಕ್ಯಾಷಿಯರ್ ಅವರು ಬರೆದದ್ದು ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಹುಡುಗಿಯ ಬ್ಯಾಗ್ ತೆಗೆಸಿ ನೋಡ್ತಾರಾ?" ಅಂತ ಕೇಳಿದರು. ಅಷ್ಟೇ.

ನಾನೂ ಒಂದು ಒಪ್ಪಿಕೊಳ್ಳಬೇಕು. ಕಳ್ಳತನ ಅನ್ನುವ ಮಾತು ಹೇಳಬಾರದಿತ್ತು. ಊರಲ್ಲಿ ಕಡಲೆಕಾಯಿ ಮಂಡಿಗೆ ಹೋದರೆ ಅಪ್ಪನ ಕೈಗೆ ಹಿಡಿ ತುಂಬ ಹಾಕಿ "ಮೇಷ್ಟ್ರೇ, ನೋಡಿ ಹೇಳಿ ಹೆಂಗೈತೆ" ಅಂತಿದ್ದರು. ಅವರು ತಿಂದು ಹೇಳಿದರೆ ಅದಕ್ಕೊಂದು ಬೆಲೆ ಇತ್ತು. ಇಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ, ಅವರೇ ನೋಡಿ ಹೇಳಲು ಹೋದರು.

ಹಳೇ_ಕ್ಯಾಷಿಯರ್

ಮೇಡಂ, ಒಂದು ಸುಲಭ ದಾರಿ ಹೇಳುತ್ತೇನೆ. ತೂಕದ ಮೆಷಿನ್ ಹಣ್ಣು ತರಕಾರಿ ಹತ್ತಿರವೇ ಇರುತ್ತದೆ. ಮೊದಲು ಕಾಲು ಕೆಜಿ ತೂಗಿಸಿ ಸ್ಟಿಕ್ಕರ್ ಹಾಕಿಸಿಕೊಳ್ಳಿ. ಆಮೇಲೆ ಅಪ್ಪ ಅಂಗಡಿ ಪೂರ್ತಿ ಸುತ್ತುತ್ತಾ ತಿನ್ನಲಿ. ಕೌಂಟರ್‌ನಲ್ಲಿ ಸ್ಟಿಕ್ಕರ್ ಸ್ಕ್ಯಾನ್ ಆದರೆ ಸಾಕು, ಒಳಗೆ ಎಷ್ಟು ಉಳಿದಿದೆ ಅಂತ ಯಾರೂ ನೋಡಲ್ಲ. ತೂಗುವ ಹುಡುಗನಿಗೆ ಒಂದು ಮಾತು ಹೇಳಿಬಿಡಿ, "ತಿನ್ನುತ್ತಾ ಹೋಗ್ತೀವಪ್ಪ" ಅಂತ. ರುಚಿ ನೋಡಬೇಕಾದರೆ ಅವನನ್ನೇ ಕೇಳಿ. ನಾವು ಕೇಳಿದವರಿಗೆ ಇಲ್ಲ ಅಂದದ್ದು ಬಹಳ ಕಡಿಮೆ.

ದ್ರಾಕ್ಷಿ_ತಿಕೋಟಾ

ಮುಗ್ಗಲು ವಾಸನೆ ಬಂದ ಕಡಲೆಕಾಯಿ ಮಾತ್ರ ಉಗುಳಿಬಿಡಲು ಹೇಳಿರಿ. ಅದರ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಪಾವಗಡದ_ಮಗಳು

ಒಂದು ವಾರದ ನಂತರ ವರದಿ.

ಇವತ್ತು ಅದೇ ಅಂಗಡಿಗೆ ಹೋದೆವು. ಅದೇ ಸೆಕ್ಯುರಿಟಿ ಹುಡುಗ. ಅಪ್ಪ ತಾವೇ ಅವನ ಹತ್ತಿರ ಹೋಗಿ ಯಾವ ಊರು ಅಂತ ಕೇಳಿದರು. ಮಧುಗಿರಿ ಅಂದ. ಅಲ್ಲಿಗೆ ಹತ್ತು ನಿಮಿಷ ಹೋಯಿತು, ಅವನ ಶಾಲೆ, ಅವನ ಹೆಡ್‌ಮೇಷ್ಟರು, ಕೆರೆ ತುಂಬಿತಾ ಇಲ್ವಾ. ಆಮೇಲೆ ಕಾಲು ಕೆಜಿ ಕಡಲೆಕಾಯಿ ತೂಗಿಸಿ, ಸ್ಟಿಕ್ಕರ್ ಅಂಟಿಸಿಕೊಂಡು, ಅದನ್ನು ಪಾಸ್‌ಪೋರ್ಟ್ ಹಾಗೆ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ತಿನ್ನುತ್ತಾ ಬಂದರು. ನನಗೂ ಎರಡು ಕೊಟ್ಟರು. ಸೆಕ್ಯುರಿಟಿ ಹುಡುಗನಿಗೂ ಕೊಡಲು ಹೋದರು, ಅವನು ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಅಂದ.

ಬಿಲ್ಲಿಂಗ್ ಹುಡುಗಿ ಕವರ್ ಎತ್ತಿ ನೋಡಿ "ತಾತ, ಬರೀ ಸಿಪ್ಪೆ ಇದೆಯಲ್ಲ" ಅಂದಳು. "ತೂಕ ಸರಿಯಾಗೇ ಇತ್ತಮ್ಮ, ಹೋಗೋ ಮೊದಲು" ಅಂದರು.

ಹೊರಗೆ ಬಂದು ಆಟೋ ಹತ್ತಿದ ಮೇಲೆ ಅಪ್ಪನ ಮಾತು: "ಹತ್ತರಲ್ಲಿ ಮೂರು ಮುಗ್ಗಲು. ಅದಕ್ಕೇ ಮೊದಲು ತಿಂದು ನೋಡಬೇಕು ಅನ್ನೋದು."

ಹಳೇ_ಕ್ಯಾಷಿಯರ್

ಅಯ್ಯೋ. ಬಿಲ್ ಇದೆ ಅಲ್ವಾ? ನಾಳೆ ಹೋಗಿ ಕಡಲೆಕಾಯಿ ವಾಪಸ್ ಕೊಡಿ, ಬದಲಿ ಕೊಡುತ್ತಾರೆ.

ಪಾವಗಡದ_ಮಗಳು

ಬಿಲ್ ಇದೆ. ಕಡಲೆಕಾಯಿ ಇಲ್ಲ.